ಮುರಿದ ಬಿಲ್ಲಿನ ಶವಪರೀಕ್ಷೆ

ಮರದ ಬಿಲ್ಲನ್ನು ಕೈಯಾರೆ ಮಾಡಲು ಕೂತವರ ಮೊದಲ ಬಿಲ್ಲು ಹೆಚ್ಚಾಗಿ ಒಲೆಗೆ ಹೋಗುತ್ತದೆ. ಹೋಗಲಿ, ಆದರೆ ಅದಕ್ಕೂ ಮುಂಚೆ ಮುರಿದ ಜಾಗವನ್ನು ಬಿಸಿಲಿಗೆ ಹಿಡಿದು ನೋಡಬೇಕು. ಮರ ಎಲ್ಲಿ ಸೋತಿತು, ಏಕೆ ಸೋತಿತು ಎಂಬುದು ಅಲ್ಲಿ ಕಾಣುತ್ತದೆ. ಸಕಲೇಶಪುರ, ಆಲೂರು ಸೀಮೆಯಲ್ಲಂತೂ ಆ ಸೋಲಿನಲ್ಲಿ ಮಳೆಯ ಪಾಲೂ ಇರುತ್ತದೆ.

ಹೆದೆ ಎಳೆದಾಗ ಗುರಿಯ ಕಡೆಗಿರುವ ಬೆನ್ನು ಹಿಗ್ಗುತ್ತದೆ, ನಮ್ಮ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಬೆನ್ನಿನಲ್ಲಿ ಸಿಬಿರೆದ್ದು ಮುರಿದಿದ್ದರೆ ಅಲ್ಲೊಂದು ಗಂಟಿತ್ತು, ಇಲ್ಲವೇ ಕೀಸುವಾಗ ಉದ್ದನೆಯ ನಾರು ಕತ್ತರಿಸಿಹೋಗಿತ್ತು. ಹೊಟ್ಟೆಯಲ್ಲಿ ಅಡ್ಡಡ್ಡ ಸುಕ್ಕು ಮೂಡಿದ್ದರೆ ನಾರು ಒತ್ತಡಕ್ಕೆ ಜಜ್ಜಿಹೋಗಿದೆ. ಒಣಮರ ಎಳೆತಕ್ಕೆ ಗಟ್ಟಿ. ಒತ್ತಡಕ್ಕೆ ಬಹಳ ಬೇಗ ಸೋಲುತ್ತದೆ.

ಹೊಸಬರನ್ನು ಹೆಚ್ಚು ಕಾಡುವುದು ದಪ್ಪದ ಲೆಕ್ಕ. ಬಿಲ್ಲಿನ ಬಿಗುವು ಅಗಲಕ್ಕೆ ತಕ್ಕಂತೆ ಏರಿಳಿದರೆ, ದಪ್ಪದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. 20 ಮಿಲಿಮೀಟರ್ ದಪ್ಪವನ್ನು 18ಕ್ಕೆ ಇಳಿಸಿದರೆ ಆ ಜಾಗದ ಬಿಗುವು ಶೇ 27ರಷ್ಟು ಹೋಗುತ್ತದೆ. ಕೀಸುಳಿ ಒಂದೇ ಕಡೆ ನಾಲ್ಕು ಸಲ ಹೆಚ್ಚು ಓಡಿದರೂ ಅಲ್ಲಿ ಬಾಗಿಲ ಕೀಲಿನಂತೆ ಬಗ್ಗತೊಡಗುತ್ತದೆ, ಉಳಿದ ಮರ ಸುಮ್ಮನಿರುತ್ತದೆ. ಇದಕ್ಕೆ ಮದ್ದೆಂದರೆ, ಬಗ್ಗುವ ಜಾಗವನ್ನು ಮುಟ್ಟದೆ ಅಕ್ಕಪಕ್ಕದ ಬಿಗಿ ಜಾಗಗಳನ್ನು ತೆಳುವಾಗಿಸುವುದು. ಬಿಲ್ಲಿನ ಎರಡೂ ತೋಳು ಸಮನಾಗಿ ಬಗ್ಗುವವರೆಗೆ ಪೂರ್ತಿ ಎಳೆಯಬಾರದು.

ಇನ್ನು ತೇವ. ಮುಂಗಾರಿನಲ್ಲಿ ಮಾರನಹಳ್ಳಿ, ಬಿಸಿಲೆ ಕಡೆಯ ಗಾಳಿ ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಗಾಳಿಯ ತೇವಾಂಶ ಶೇ 90 ಇದ್ದರೆ ಮರವು ತನ್ನ ಒಣತೂಕದ ಸುಮಾರು ಶೇ 20ರಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ತೇವಾಂಶ ಶೇ 50ಕ್ಕೆ ಇಳಿದರೆ ಶೇ 9ರಷ್ಟು. ಒದ್ದೆ ಮರದ ಬಿಲ್ಲು ಮುರಿಯದಿರಬಹುದು, ಆದರೆ ಹೆದೆ ಬಿಚ್ಚಿದ ಮೇಲೂ ಬಾಗಿಕೊಂಡೇ ಉಳಿಯುತ್ತದೆ, ಬಾಣ ಸೋಮಾರಿಯಾಗುತ್ತದೆ. ಅತಿಯಾಗಿ ಒಣಗಿದ್ದು ಎಚ್ಚರಿಕೆ ಕೊಡದೆ ಮುರಿಯುತ್ತದೆ. ಕೆಲವು ದಿನಕ್ಕೊಮ್ಮೆ ತೂಗಿ ನೋಡಿ, ತೂಕ ಇಳಿಯುವುದು ನಿಂತರೆ ಮರ ಸುತ್ತಲಿನ ಗಾಳಿಗೆ ಹೊಂದಿಕೊಂಡಿದೆ ಎಂದರ್ಥ. ಮಳೆಗಾಲದಲ್ಲಿ ಅಷ್ಟು ಸಾಲದು, ಗಾಳಿಯೇ ಒದ್ದೆ. ಒಲೆಯ ಮೇಲಿನ ಅಟ್ಟ ಬೇಕು. ಪೂರ್ವಕ್ಕೆ ಆಲೂರಿನತ್ತ ಹೋದಂತೆ ಮಳೆ ತಗ್ಗುವುದರಿಂದ ಈ ತಾಪತ್ರಯವೂ ತಗ್ಗುತ್ತದೆ.

ಬಿದಿರಾದರೆ ಹೊರಸಿಪ್ಪೆಯನ್ನು ಬೆನ್ನಾಗಿಸಬೇಕು, ಏಕೆಂದರೆ ನಾರು ಅಲ್ಲೇ ದಟ್ಟ. ಅದನ್ನು ಕೀಸದೆ ಒಳಭಾಗವನ್ನಷ್ಟೇ ತೆಳುವಾಗಿಸಬೇಕು. ಪಿಷ್ಟ ತುಂಬಿದಾಗ ಕಡಿದ ಬಿದಿರಿಗೆ ಕುಟ್ಟೆ ಹುಳು ಹಿಡಿಯುವುದರಿಂದ, ಮಳೆ ಮುಗಿದ ಮೇಲೆ ಕಡಿಯುವುದು ಒಳ್ಳೆಯದು.

ಹಿಂದೆ ಇಂಥ ಬಿಲ್ಲು ಬೇಟೆಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಪ್ರಾಣಿಗಳ ಬೇಟೆ ಅಪರಾಧ. ಈಗ ಹುಲ್ಲಿನ ಹೊರೆಯೇ ಗುರಿ. ಬಾಣವಿಲ್ಲದೆ ಬರಿ ಹೆದೆ ಎಳೆದು ಬಿಡಲೂಬಾರದು. ಬಾಣ ಒಯ್ಯಬೇಕಾದ ಶಕ್ತಿಯೆಲ್ಲ ತೋಳುಗಳಿಗೇ ಮರಳಿ, ಚೆನ್ನಾಗಿ ಮಾಡಿದ ಬಿಲ್ಲೂ ಸೀಳುತ್ತದೆ.

ಬೆನ್ನು ಸಿಬಿರೆದ್ದಿದ್ದರೆ ನಾರು ನೇರವಿರುವ ಮರ ಹುಡುಕಿ. ಹೊಟ್ಟೆ ಸುಕ್ಕಾಗಿದ್ದರೆ ಅಗಲ ಹೆಚ್ಚಿಸಿ, ದಪ್ಪ ತಗ್ಗಿಸಿ. ಬಾಗು ಉಳಿದಿದ್ದರೆ ಮುಂದಿನ ತುಂಡನ್ನು ಇನ್ನಷ್ಟು ಒಣಗಿಸಿ. ಇಷ್ಟು ತಿಳಿದ ಮೇಲೆ ಹಳೆಯ ಬಿಲ್ಲನ್ನು ಒಲೆಗೆ ಹಾಕಬಹುದು.