ಬಿಲ್‌ಬೋರ್ಡ್ ಪತ್ರಿಕೆಯೂ ಅಜ್ಞಾತ ಗಾಯಕರೂ

1894ರಲ್ಲಿ ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಭಿತ್ತಿಪತ್ರ ಅಂಟಿಸುವವರ ವೃತ್ತಿಪತ್ರಿಕೆಯಾಗಿ ಹುಟ್ಟಿದ ‘ಬಿಲ್‌ಬೋರ್ಡ್’ ಕ್ರಮೇಣ ಸಂಗೀತೋದ್ಯಮದ ಪ್ರಮುಖ ಪತ್ರಿಕೆಯಾಯಿತು. 1940ರಲ್ಲಿ ಅದು ಗ್ರಾಮಫೋನ್ ತಟ್ಟೆಗಳ ಮಾರಾಟದ ಪಟ್ಟಿಯನ್ನು ಪ್ರಕಟಿಸತೊಡಗಿತು. ಪಟ್ಟಿಯಲ್ಲಿ ಹೆಸರು ಕಂಡ ಗಾಯಕನನ್ನು ವ್ಯಾಪಾರಿಗಳೂ ಬಾನುಲಿ ಕೇಂದ್ರದವರೂ ಗಮನಿಸುತ್ತಿದ್ದರು. ಕಾಣದವನು ಅಜ್ಞಾತನಾಗಿಯೇ ಉಳಿಯುವ ಸಂಭವವಿತ್ತು. ಆದುದರಿಂದ ಪಟ್ಟಿ ಸಿದ್ಧವಾಗುತ್ತಿದ್ದ ಬಗೆಯನ್ನು ನಾವು ಪರಿಶೀಲಿಸಬೇಕಾಗುತ್ತದೆ. ಬಹುಕಾಲ ಅದಕ್ಕೆ ಆಧಾರವಾಗಿದ್ದುದು ಅಂಗಡಿಯವರ ಹೇಳಿಕೆ. 1991ರ ಮೇ ತಿಂಗಳಲ್ಲಿ ಆಲ್ಬಮ್‌ಗಳ ಪಟ್ಟಿಗೆ ಯಂತ್ರವು ದಾಖಲಿಸಿದ ಮಾರಾಟವೇ ಆಧಾರವಾಯಿತು. ಒಡನೆಯೇ ‘ಕಂಟ್ರಿ’ ಮತ್ತು ‘ರ‍್ಯಾಪ್’ ಗಾಯಕರು ಮೇಲೇರಿದರು. ಅದೇ ವರ್ಷ ಹೊಸಬರಿಗೆಂದೇ ‘ಹೀಟ್‌ಸೀಕರ್ಸ್’ ಎಂಬ ಪಟ್ಟಿಯೂ ಆರಂಭವಾಯಿತು. ಈ ಗಾಯಕರಿಗೆ ಕೇಳುಗರು ಮೊದಲೂ ಇದ್ದರು. ಹಳೆಯ ಎಣಿಕೆ ಅವರನ್ನು ಪೂರ್ಣವಾಗಿ ಗುರುತಿಸಿರಲಿಲ್ಲ. ಇಂಥ ಪಟ್ಟಿಗಳನ್ನು ಚರಿತ್ರೆಯ ಆಕರಗಳಾಗಿ ಬಳಸುವಾಗ, ಅವುಗಳಲ್ಲಿ ಬಿಟ್ಟುಹೋದವರನ್ನೂ ನಾವು ಅರಸಬೇಕಾಗಿದೆ.