ಮ್ಯಾಂಚೆಸ್ಟರ್ ಗೊತ್ತು, ಬೆಂಗಳೂರು ಮುಸ್ಲಿಮ್ಸ್ ಗೊತ್ತಾ?

ಯುಗಾದಿಗೆ ಹುಲಿಕುಂಟೆಗೆ ಹೋಗಿದ್ದೆ. ರಾತ್ರಿ ಒಂದು ಗಂಟೆ. ನಮ್ಮನೇಲಿ ನೆಟ್‌ವರ್ಕ್ ಸಿಗೋದು ಜಗುಲಿ ಮೇಲೆ ಮಾತ್ರ. ಅಲ್ಲೇ ಕೂತು ಮೊಬೈಲಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾಚ್ ನೋಡ್ತಿದ್ದೆ. ಅಪ್ಪ ನೀರು ಕುಡಿಯೋಕೆ ಎದ್ದವರು ಪಕ್ಕಕ್ಕೆ ಬಂದು ಕೂತರು.

"ಯಾವೂರ್ ಟೀಮ್ಲಾ ಅದು?"

ಕೇಳಿದ್ದೇ ತಡ, ಶುರು ಮಾಡಿದೆ. 1878ರಲ್ಲಿ ರೈಲ್ವೆ ಕೆಲಸಗಾರರು ಕಟ್ಟಿದ ನ್ಯೂಟನ್ ಹೀತ್, 1902ರಲ್ಲಿ ಹೆಸರು ಬದಲಾಗಿದ್ದು, 1958ರ ಮ್ಯೂನಿಕ್ ವಿಮಾನ ದುರಂತ, ಹತ್ತೇ ವರ್ಷಕ್ಕೆ ಯುರೋಪಿಯನ್ ಕಪ್. ಬೆಸ್ಟ್, ಚಾರ್ಲ್ಟನ್, ಕ್ಯಾಂಟೊನಾ, 1999ರಲ್ಲಿ ಕೊನೇ ಗಳಿಗೆಯ ಸೋಲ್‌ಶೇರ್ ಗೋಲು. ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಸಿಲಬಸ್‌ಗಿಂತ ಚೆನ್ನಾಗಿ ಓದಿಕೊಂಡಿದ್ದು ಇದನ್ನೇ.

ಅಪ್ಪ ಪೂರ್ತಿ ಕೇಳಿ, "ಬೆಂಗ್ಳೂರಾಗೆ ಹಿಂದೆ ಯಾರೂ ಆಡ್ತಿರ್ಲಿಲ್ವಾ?" ಅಂದರು.

ನನ್ನ ಹತ್ರ ಉತ್ತರ ಇರ್ಲಿಲ್ಲ. ಬಿಎಫ್‌ಸಿ ಗೊತ್ತಿತ್ತು, ಅದು ಹುಟ್ಟಿದ್ದು 2013ರಲ್ಲಿ. ಅದಕ್ಕೂ ಮುಂಚೆ?

ವಾಪಸ್ ಬಂದು ಹುಡುಕಿದಾಗ ಸಿಕ್ಕಿದ ಹೆಸರು ಬೆಂಗಳೂರು ಮುಸ್ಲಿಮ್ಸ್. ಬಾಂಬೆಯ ರೋವರ್ಸ್ ಕಪ್ ಶುರುವಾಗಿದ್ದು 1891ರಲ್ಲಿ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅದು ಬ್ರಿಟಿಷ್ ಪಲ್ಟನ್‌ಗಳ ಸ್ವತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರಿನದು! ಫೈನಲ್‌ನಲ್ಲಿ ಸೋತಿದ್ದು ಮೊಹಮ್ಮಡನ್ ಸ್ಪೋರ್ಟಿಂಗ್, ಕಲ್ಕತ್ತಾ ಲೀಗನ್ನು ಸತತವಾಗಿ ಗೆಲ್ಲುತ್ತಿದ್ದ ತಂಡ. ಮರುವರ್ಷ ಎದುರಿಗೆ ಬ್ರಿಟಿಷ್ ಸೇನೆಯ ಆರ್ಗೈಲ್ ಪಲ್ಟನ್. ಅದನ್ನೂ ಸೋಲಿಸಿ ಕಪ್ ಉಳಿಸಿಕೊಂಡರು. 1948ರಲ್ಲಿ ಮತ್ತೊಮ್ಮೆ ಗೆದ್ದರು.

ದಂಡು ಪ್ರದೇಶದಲ್ಲಿ ಸೋಲ್ಜರ್‌ಗಳು ಆಡೋದನ್ನ ಬೇಲಿ ಆಚೆ ನಿಂತು ನೋಡಿ ಕಲಿತ ಊರು ಇದು. ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್ ಕಡೆಯ ಗಲ್ಲಿಗಳಲ್ಲಿ ಆಟ ಬೆಳೀತು. ಹಲಸೂರು ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ನಾನು ಆ ಕಡೆಯೇ ಪಿಜಿಯಲ್ಲಿದ್ದವನು, ಒಂದು ದಿನವೂ ತಲೆ ಎತ್ತಿ ನೋಡಿರ್ಲಿಲ್ಲ.

1948ರ ಜುಲೈ 31. ಲಂಡನ್ ಒಲಿಂಪಿಕ್ಸ್, ಇಲ್ಫರ್ಡ್ ಮೈದಾನ. ಫ್ರಾನ್ಸ್ ಎದುರು ಭಾರತ, ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಎರಡು ಪೆನಾಲ್ಟಿ ಕೈತಪ್ಪಿದವು. ಆದರೂ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಕೊನೆ ಕ್ಷಣದಲ್ಲಿ ಫ್ರಾನ್ಸ್ 2–1ರಿಂದ ಗೆದ್ದಿತು. ಸೋಲ್‌ಶೇರ್‌ನ ಕೊನೇ ಗಳಿಗೆಗೆ ಕುಣಿದಾಡಿದ ನನಗೆ ಈ ಕೊನೇ ಗಳಿಗೆ ಗೊತ್ತೇ ಇರ್ಲಿಲ್ಲ ನೋಡಿ.

ಆ ತಂಡದಲ್ಲಿ ಅಹ್ಮದ್ ಖಾನ್, ಧನರಾಜ್ ಕೂಡ ಇದ್ದರು. ಬೆಂಗಳೂರು ಮುಸ್ಲಿಮ್ಸ್‌ಗೆ ಆಡಿದ್ದ ಅಹ್ಮದ್ ಖಾನ್ ಮುಂದೆ ಕಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಐದು ಮುಂಚೂಣಿ ಆಟಗಾರರಿಗೆ ಜನ ಪಂಚಪಾಂಡವರು ಅಂತ ಹೆಸರಿಟ್ಟಿದ್ದರು, ಇವರಿಬ್ಬರೂ ಅದರಲ್ಲಿದ್ದರು. 1951ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲೂ ಅಹ್ಮದ್ ಖಾನ್ ಆಡಿದರು. ತೀರಿಕೊಂಡಿದ್ದು 2017ರಲ್ಲಿ. ಆಗ ನಾನು ಇದೇ ಊರಲ್ಲಿ ಕೆಲಸಕ್ಕೆ ಸೇರಿದ್ದೆ. ಹೋಗಿ ನೋಡಬಹುದಿತ್ತೇನೋ ಅನ್ನೋದು ಈಗಲೂ ಚುಚ್ಚುತ್ತೆ.

ಒಳ್ಳೆ ಆಟಗಾರರನ್ನು ಕಲ್ಕತ್ತಾ ಸೆಳೆದುಕೊಳ್ತಾ ಹೋಯಿತು. ಎಚ್‌ಎಎಲ್, ಐಟಿಐಯಂಥ ಕಾರ್ಖಾನೆ ತಂಡಗಳು ಬಂದವು. ಸಂತೋಷ್ ಟ್ರೋಫಿಯನ್ನು ಮೈಸೂರು ಹೆಸರಲ್ಲಿ ಕೊನೆಗೆ ಗೆದ್ದದ್ದು 1968–69ರಲ್ಲಿ. ಮತ್ತೆ ಗೆಲ್ಲೋಕೆ 2023 ಬರಬೇಕಾಯ್ತು, ಅದೂ ರಿಯಾದ್‌ನಲ್ಲಿ. ಇನ್ನು ಬಿಎಫ್‌ಸಿ ಕಥೆ ನಿಮಗೇ ಗೊತ್ತು: ಮೊದಲ ಸೀಸನ್‌ನಲ್ಲೇ ಐ-ಲೀಗ್, ಚೆಟ್ರಿ, 2019ರ ಐಎಸ್‌ಎಲ್ ಫೈನಲ್‌ನಲ್ಲಿ ಭೇಕೆ ತಲೆಯಿಂದ ಹೊಡೆದ ಗೋಲು.

ಇದನ್ನೆಲ್ಲ ಫೋನಲ್ಲಿ ಅಪ್ಪನಿಗೆ ಒಪ್ಪಿಸಿದೆ. ಕಪ್ಪು, ಇಸವಿ ಯಾವುದೂ ಅವರಿಗೆ ಬೇಕಿರ್ಲಿಲ್ಲ.

"ಬರಿಗಾಲಾಗೆ ಆಡಿದ್ರಾ? ಆ ಚಳಿ ದೇಸದಾಗೆ?"

"ಹ್ಞೂಂ ಅಪ್ಪ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕಡ್ಲೆಕಾಯಿ ಕಿತ್ತಾದ್ಮೇಲೆ ಬತ್ತೀನಿ. ಒಂದ್ ಆಟ ತೋರ್ಸು."

ನೀಲಿ ಜೆರ್ಸಿ ಎಂ ಸೈಜ್ ಸಾಕಾ, ಎಲ್ ಬೇಕಾ ಅಂತ ಅಮ್ಮನ್ನ ಕೇಳಬೇಕು.