ಗಾಡಿ ಪೆಟ್ರೋಲ್ ಜಾಸ್ತಿ ಕುಡೀತಾ ಇದೆಯೇ?

ಸಾಲ ಮಾಡಿ ಸಣ್ಣ ಪಿಕಪ್ ಕೊಂಡು ತರಕಾರಿ, ಹಾಲು, ಮೀನು ಸಾಗಿಸುವವರಿಗೆ ಮೈಲೇಜೇ ಲಾಭ. ಅದು ಇಳಿದರೆ ತಿಂಗಳ ಕಂತು ಕಟ್ಟುವುದೇ ಕಷ್ಟ. ಇಂಥ ಹೊತ್ತಿನಲ್ಲಿ ಯಾರೋ ಹೇಳಿದರೆಂದು ಒಂದೊಂದೇ ಸೆನ್ಸರ್ ಬದಲಿಸಿ ಕೈ ಸುಟ್ಟುಕೊಳ್ಳುವವರು ಬಹಳ. ಮೊದಲು ಪರೀಕ್ಷೆ, ಆಮೇಲೆ ಸಾಮಾನು.

ರಿಚ್ ಅಂದರೆ ಏನು?

ಎಥೆನಾಲ್ ಬೆರೆಸದ 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಾದರೆ ಮೆಕ್ಯಾನಿಕ್‌ಗಳು 'ಮಿಕ್ಸ್‌ಚರ್ ರಿಚ್' ಅನ್ನುತ್ತಾರೆ.

ಲಕ್ಷಣಗಳು

ಸೈಲೆನ್ಸರಿನಿಂದ ಕಪ್ಪು ಹೊಗೆ, ಹಸಿ ಪೆಟ್ರೋಲ್ ವಾಸನೆ. ಪ್ಲಗ್ ಬಿಚ್ಚಿದರೆ ತುದಿಯಲ್ಲಿ ಒಣ ಕಪ್ಪು ಮಸಿ. ಸರಿಯಿದ್ದ ಪ್ಲಗ್ ತಿಳಿ ಕಂದು ಬಣ್ಣದ್ದು. ನೀಲಿ ಹೊಗೆ ಬಂದರೆ ಅದು ಆಯಿಲ್ ಉರಿಯುವ ಲಕ್ಷಣ. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ ಮೈಲೇಜ್ ಇಳಿಯುತ್ತದೆ. ಅದೊಂದನ್ನೇ ನೋಡಿ ತೀರ್ಮಾನಿಸಬೇಡಿ.

ಪರೀಕ್ಷೆಯ ಕ್ರಮ

1. ಏರ್ ಫಿಲ್ಟರ್ ತೆಗೆದು ನೋಡಿ. ಧೂಳು ಕಟ್ಟಿದ್ದರೆ ಬದಲಿಸಿ. ಇದು ಕಡಿಮೆ ಖರ್ಚಿನ ಕೆಲಸ.

2. ಇಂಜೆಕ್ಷನ್ ಗಾಡಿಗೆ ಸ್ಕ್ಯಾನರ್ ಹಾಕಿಸಿ. ಪಿ0172 ಎಂದು ಬಂದರೆ ಮಿಕ್ಸ್‌ಚರ್ ರಿಚ್ ಇದೆ ಎಂದಷ್ಟೇ ಅರ್ಥ. ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದಲ್ಲ. ಅದು ಬರೀ ಸುದ್ದಿ ಹೇಳುವ ಸಾಧನ.

3. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೂಲೆಂಟ್ ಉಷ್ಣತೆ ನೋಡಿ. ಅದು ಹೊರಗಿನ ಉಷ್ಣತೆಯ ಹತ್ತಿರ ಇರಬೇಕು. ಹೊರಗೆ 25 ಡಿಗ್ರಿ ಇದ್ದು ಸ್ಕ್ಯಾನರ್ ಸೊನ್ನೆಗಿಂತ ಕೆಳಗೆ ತೋರಿಸಿದರೆ ಆ ಸೆನ್ಸರಿನಲ್ಲೋ ಅದರ ವೈರಿನಲ್ಲೋ ದೋಷವಿದೆ. ಎಂಜಿನ್ ತಣ್ಣಗಿದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಚೋಕ್ ಎಳೆದೇ ಓಡಿಸಿದ ಹಾಗೆ.

4. ಪೆಟ್ರೋಲ್ ಪ್ರೆಶರ್ ಗೇಜ್ ಹಾಕಿ ಅಳೆಸಿ. ಪ್ರೆಶರ್ ಹೆಚ್ಚಿದ್ದರೂ, ಇಂಜೆಕ್ಟರ್ ಸೋರುತ್ತಿದ್ದರೂ ರಿಚ್ ಆಗುತ್ತದೆ.

5. ಆಕ್ಸಿಜನ್ ಸೆನ್ಸರಿನ ಸರದಿ ಕೊನೆಗೆ. ಅದಕ್ಕಿಂತ ಮುಂಚೆ ಸೈಲೆನ್ಸರ್ ಪೈಪ್ ಒಡೆದಿದ್ದರೆ ಹೊರಗಿನ ಗಾಳಿ ಸೇರಿ ಸೆನ್ಸರ್ ಮೋಸಹೋಗುತ್ತದೆ. ಆಗ ರಿಚ್ ಕೋಡ್ ಬಾರದೆಯೇ ಪೆಟ್ರೋಲ್ ಪೋಲಾಗಬಹುದು.

ತಡ ಮಾಡಬೇಡಿ

ಉರಿಯದ ಪೆಟ್ರೋಲ್ ಎಂಜಿನ್ ಆಯಿಲಿಗೆ ಇಳಿದು ಅದನ್ನು ತೆಳುವಾಗಿಸುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಡಿಪ್‌ಸ್ಟಿಕ್ಕಿಗೆ ಪೆಟ್ರೋಲ್ ವಾಸನೆ ಬಂದರೆ ರಿಪೇರಿಯ ನಂತರ ಆಯಿಲನ್ನೂ ಬದಲಿಸಿ. ದುಬಾರಿಯಾದ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಅತಿಯಾಗಿ ಕಾದು ಹಾಳಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ರಿಚ್ ಆದ ಎಂಜಿನ್ ಕಾರ್ಬನ್ ಮೋನಾಕ್ಸೈಡ್ ಹೆಚ್ಚು ಉಗುಳುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಎಂದಿಗೂ ಎಂಜಿನ್ ಓಡಿಸಿ ಇಡಬೇಡಿ.

ಗ್ಯಾರೇಜಿನಲ್ಲಿ ಹೊಸ ಸಾಮಾನು ಹಾಕಬೇಕು ಅಂದರೆ, "ಯಾವ ಪರೀಕ್ಷೆಯಿಂದ ಗೊತ್ತಾಯಿತು?" ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ದುಡ್ಡು ನಿಮ್ಮದು.